ದೋಣಿ ಕೊಳ್ಳುವುದು ಸುಲಭ, ಸಾಕುವುದು ಕಷ್ಟ

ಮಂಜೇಶ್ವರದಿಂದ ತೃಕ್ಕರಿಪುರದ ವರೆಗೆ ನಮ್ಮ ಜಿಲ್ಲೆಯ ಹೊಳೆಬದಿಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ನೋಟ ಕಾಣಸಿಗುತ್ತದೆ. ತೆಂಗಿನ ಮರಗಳ ಬುಡದಲ್ಲಿ, ನೀಲಿ ಟಾರ್ಪಾಲು ಹೊದೆದುಕೊಂಡು, ಸಣ್ಣ ಸಣ್ಣ ಫೈಬರ್ ದೋಣಿಗಳು ಕೂತಿರುತ್ತವೆ. ಇವು ಕಡಲನ್ನೇ ನಂಬಿ ಬದುಕುವ ಮೀನುಗಾರರ ದೋಣಿಗಳಲ್ಲ. ಗಲ್ಫಿನಿಂದ ಮರಳಿ ಬಂದವರದ್ದು, ನೌಕರಿಯಿಂದ ನಿವೃತ್ತರಾದವರದ್ದು, ಮಂಗಳೂರು ಬೆಂಗಳೂರುಗಳಲ್ಲಿ ದುಡಿದು ರಜೆಗೆ ಊರಿಗೆ ಬರುವ ತರುಣರದ್ದು. ಭಾನುವಾರ ಬೆಳಗ್ಗೆ ನಾಲ್ಕು ಮಂದಿ ಸೇರಿ ಗಾಳ ಹಿಡಿದು ಹೊರಟರೆ, ಮಧ್ಯಾಹ್ನದ ಊಟಕ್ಕೆ ಕಾಣೆಯೋ ಕೊಡ್ಡಾಯಿಯೋ ಸಿಕ್ಕರೆ ಭಾಗ್ಯ, ಸಿಗದಿದ್ದರೆ ಗಾಳಿ ಸೇವನೆಯಾದರೂ ಆಯಿತು ಎಂಬ ಲೆಕ್ಕ.

ಇದರಲ್ಲಿ ತಪ್ಪೇನೂ ಇಲ್ಲ. ಕಡಲಬದಿಯಲ್ಲಿ ಹುಟ್ಟಿಯೂ ಕಡಲಿಗೆ ಬೆನ್ನು ಹಾಕಿ ಬದುಕಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅಡಿಕೆ ತೋಟ, ಶಾಲೆ, ಬ್ಯಾಂಕು, ಕೋರ್ಟು ಇಷ್ಟರಲ್ಲೇ ನಮ್ಮ ಆಯುಷ್ಯ ಮುಗಿಯುತ್ತಿತ್ತು. ಈಗಿನ ತಲೆಮಾರು ನೀರಿನ ಕಡೆಗೆ ಮುಖ ತಿರುಗಿಸಿದೆ ಎಂದರೆ ಸಂತೋಷವೇ. ಆದರೆ ಒಂದು ಪ್ರಶ್ನೆಯನ್ನು ಕೇಳದೆ ಇರಲಾಗುವುದಿಲ್ಲ. ದೋಣಿ ಕೊಳ್ಳುವ ದಿನ ಅದರ ಬೆಲೆಯನ್ನು ನಾಲ್ಕು ಕಡೆ ವಿಚಾರಿಸಿದವರಲ್ಲಿ, ಅದನ್ನು ಸಾಕುವುದು ಹೇಗೆ ಎಂದು ವಿಚಾರಿಸಿದವರು ಎಷ್ಟು ಮಂದಿ?

ಸಾಕುವುದು ಎಂಬ ಮಾತನ್ನು ನಾನು ಬೇಕೆಂದೇ ಬಳಸಿದ್ದೇನೆ. ಹಟ್ಟಿಯಲ್ಲಿ ದನ ಕಟ್ಟಿದವನು ಮದುವೆ ಇದೆ, ಮಳೆ ಇದೆ ಎಂದು ಒಂದು ದಿನವೂ ಅದನ್ನು ಮರೆಯುವಂತಿಲ್ಲ. ದೋಣಿಯೂ ಹಾಗೆಯೇ. ಬೇರೆಯವರ ತಪ್ಪನ್ನು ಎತ್ತಿ ಆಡುವ ಮೊದಲು ನನ್ನ ತಪ್ಪನ್ನೇ ವಾಚಕರ ಮುಂದೆ ಇಟ್ಟುಬಿಡುತ್ತೇನೆ.

ಒಂದು ರಬ್ಬರ್ ಚಕ್ರದ ಕಥೆ

ನಾನು ಶಾಲಾ ಮಾಸ್ತರನಾಗಿ ನಿವೃತ್ತನಾದವನು. ನನ್ನ ಭಾವ ಬ್ಯಾಂಕಿನಿಂದ ನಿವೃತ್ತರು. 2021ರ ಅಕ್ಟೋಬರಿನಲ್ಲಿ ಇಬ್ಬರೂ ಸೇರಿ ಹದಿನೆಂಟು ಅಡಿಯ ಒಂದು ಹಳೆಯ ಫೈಬರ್ ದೋಣಿಯನ್ನೂ, ಅದರೊಡನೆ ಹಿಂಬದಿಗೆ ಕಟ್ಟುವ ಒಂಬತ್ತು ಚಿಲ್ಲರೆ ಅಶ್ವಶಕ್ತಿಯ ಒಂದು ಎಂಜಿನನ್ನೂ ಕೊಂಡೆವು. ಆ ವರ್ಷದ ಬೇಸಗೆಯ ವರೆಗೆ ನಮ್ಮ ಗಮ್ಮತ್ತು ಹೇಳತೀರದು. ವಾರಕ್ಕೆ ಎರಡು ಸಲ ಹೊಳೆ, ಒಂದು ಸಲ ಕಡಲು. ಮೀನಿನ ಚೀಲ ಹಿಡಿದು ಮನೆಯ ಮೆಟ್ಟಿಲು ಹತ್ತುವಾಗ ನಮಗೆ ಹದಿನೆಂಟರ ಪ್ರಾಯ.

ಜೂನ್ ಬಂತು. ದೋಣಿಯನ್ನು ದಡಕ್ಕೆ ಎಳೆದು, ಟಾರ್ಪಾಲು ಮುಚ್ಚಿ, ನಾಲ್ಕು ತಿಂಗಳು ಅತ್ತ ತಲೆ ಹಾಕಲಿಲ್ಲ. ಎಂಜಿನನ್ನು ತೊಳೆಯಲಿಲ್ಲ, ಪೆಟ್ರೋಲನ್ನು ಖಾಲಿ ಮಾಡಲಿಲ್ಲ. ನವೆಂಬರಿನಲ್ಲಿ ಹಗ್ಗ ಎಳೆದರೆ ಎಂಜಿನು ಕೆಮ್ಮಲೂ ಇಲ್ಲ. ಮೆಕ್ಯಾನಿಕ್ ಬಂದು ಬಿಚ್ಚಿ ನೋಡಿದಾಗ ಕಾರ್ಬ್ಯುರೇಟರಿನಲ್ಲಿ ಅಂಟು, ಟ್ಯಾಂಕಿನ ತಳದಲ್ಲಿ ನೀರು, ಬೋಲ್ಟುಗಳಲ್ಲಿ ತುಕ್ಕು. ಎಲ್ಲವನ್ನೂ ಸರಿ ಮಾಡಿದ ಮೇಲೆ ಆತ ಹೇಳಿದ, "ಮಾಸ್ಟ್ರೇ, ನೀರಿನ ಪಂಪಿನ ಇಂಪೆಲ್ಲರ್ ಒಣಗಿ ಬಿರಿದಿದೆ. ಇದನ್ನೂ ಬದಲಿಸಿಬಿಡುವ." ಇಂಪೆಲ್ಲರ್ ಎಂದರೆ ಅಂಗೈಯಲ್ಲಿ ಹಿಡಿಸುವ ಒಂದು ರಬ್ಬರ್ ಚಕ್ರ. ಅಷ್ಟು ಹೊತ್ತಿಗೆ ರಿಪೇರಿಯ ಖರ್ಚು ನಮ್ಮ ಅಂದಾಜನ್ನು ಮೀರಿತ್ತು. "ಇನ್ನೊಂದು ವರ್ಷ ಬರಲಿ" ಎಂದು ಹೇಳಿದವನು ಬೇರೆ ಯಾರೂ ಅಲ್ಲ, ನಾನೇ.

2023ರ ಫೆಬ್ರವರಿಯ ಒಂದು ಸಂಜೆ ನಾನು, ಭಾವ ಮತ್ತು ಅವರ ಹನ್ನೆರಡು ವರ್ಷದ ಮೊಮ್ಮಗ ಕಡಲಿನಿಂದ ಹಿಂತಿರುಗುತ್ತಿದ್ದೆವು. ಅಳಿವೆಯ ಬಾಗಿಲು ಇನ್ನು ಸ್ವಲ್ಪ ದೂರ. ಇಳಿತದ ಹೊತ್ತು. ಹುಡುಗ ಹಿಂದೆ ನೋಡುತ್ತಾ ಕೂತವನು "ಅಜ್ಜ, ಎಂಜಿನಿನಿಂದ ಚಿಮ್ಮುವ ನೀರು ನಿಂತಿದೆ" ಎಂದ. "ಸುಮ್ಮನೆ ಕೂತುಕೋ ಮಗಾ, ಬೀಳುತ್ತಿ" ಎಂದು ಭಾವ ಗದರಿಸಿದರು. ಐದು ನಿಮಿಷವಾಗಿರಲಿಲ್ಲ, ಎಂಜಿನು ಕಾದು ನಿಂತಿತು. ಹೊಳೆಯ ನೀರು ರಭಸದಿಂದ ಹೊರಗೆ ನುಗ್ಗುತ್ತಿತ್ತು, ಕಡಲಿನ ತೆರೆ ಒಳಗೆ ಬರುತ್ತಿತ್ತು. ಎರಡೂ ಎದುರಾಗುವ ಜಾಗದಲ್ಲಿ ನೀರು ಗೋಡೆಯಂತೆ ಎದ್ದು ಬೀಳುತ್ತಿತ್ತು. ನಮ್ಮ ದೋಣಿ ಅಡ್ಡ ತಿರುಗಿ ಅದರ ಕಡೆಗೆ ಸರಿಯತೊಡಗಿತು.

ಲಂಗರು ಇತ್ತು, ಹಗ್ಗ ಗಿಡ್ಡ. ಅದು ತಳ ಕಚ್ಚಲಿಲ್ಲ. ಹುಟ್ಟು ಒಂದೇ ಇತ್ತು. ಲೈಫ್ ಜಾಕೆಟುಗಳು ಎರಡೇ, ಅವೂ ಹಲಗೆಯ ಅಡಿಯಲ್ಲಿ ದಿಂಬಿನ ಹಾಗೆ ಬಿದ್ದುಕೊಂಡಿದ್ದವು. ಒಂದನ್ನು ಹುಡುಗನಿಗೆ ತೊಡಿಸಿದರೆ ಅದು ಅವನ ಮೊಣಕಾಲಿನ ವರೆಗೆ ಇಳಿಯಿತು. ಆ ಹೊತ್ತಿನಲ್ಲಿ ಅವನು ಅಳಲಿಲ್ಲ, ನಮ್ಮ ಮುಖವನ್ನೇ ನೋಡುತ್ತಿದ್ದ. ಆ ನೋಟವನ್ನು ನಾನು ಇಂದಿಗೂ ಮರೆತಿಲ್ಲ.

ಬಲೆ ಹಾಕಲು ಹೊರಟಿದ್ದ ಒಂದು ನಾಡದೋಣಿಯವರು ನಮ್ಮನ್ನು ಕಂಡರು. ಹಗ್ಗ ಎಸೆದು, ತೆರೆಯಿಂದ ಹೊರಗೆ ಎಳೆದು, ಉಬ್ಬರ ಏರುವ ವರೆಗೆ ಕಾದು, ಕತ್ತಲೆಯಾದ ಮೇಲೆ ನಮ್ಮನ್ನು ಒಳಗೆ ತಂದು ಬಿಟ್ಟರು. ಆ ರಾತ್ರಿಯ ಅವರ ದುಡಿಮೆ ಹೋಯಿತು, ಎಣ್ಣೆ ಸುಟ್ಟಿತು. ಹಣ ಕೊಡಹೋದರೆ ಮುಟ್ಟಲಿಲ್ಲ. ಅವರಲ್ಲಿ ಒಬ್ಬ ನನ್ನಲ್ಲೇ ಐದನೆಯ ತರಗತಿ ಕಲಿತವನು. ಹೊರಡುವಾಗ ತುಳುವಿನಲ್ಲಿ ಮೆಲ್ಲಗೆ ಹೇಳಿದ, "ಮಾಸ್ಟ್ರೇ, ನಿಮಗೆ ಮೀನು ಬೇಕಾದರೆ ನಾವು ತಂದು ಕೊಡುತ್ತಿದ್ದೆವು. ಈ ಮಗುವನ್ನು ಯಾರು ತಂದು ಕೊಡುತ್ತಿದ್ದರು?"

ಇದಕ್ಕೆ ನಾನು ಏನು ಉತ್ತರ ಕೊಡಲಿ? ಮೂವತ್ತು ವರ್ಷ ಮಕ್ಕಳಿಗೆ ಜಾಗ್ರತೆ ಹೇಳಿದ ಬಾಯಿ ಆ ದಿನ ಮುಚ್ಚಿತ್ತು. ಇಷ್ಟಕ್ಕೂ ಆ ರಬ್ಬರ್ ಚಕ್ರದ ಬೆಲೆ ನಾವು ಹೊಸ ಗಾಳಗಳಿಗೆ ಸುರಿದ ಹಣದ ಒಂದು ಸಣ್ಣ ಪಾಲು.

ಸಾಕಣೆ ಎಂದರೇನು?

ದೋಣಿಗಾರರ ನಡುವೆ ಒಂದು ಅಂದಾಜು ಉಂಟು. ದೋಣಿ ಮತ್ತು ಎಂಜಿನಿನ ಬೆಲೆಯ ಹತ್ತನೆಯ ಒಂದು ಪಾಲನ್ನು ಪ್ರತಿ ವರ್ಷವೂ ಅದರ ಮೇಲೆಯೇ ಖರ್ಚು ಮಾಡಬೇಕಾಗುತ್ತದೆ. ಇದನ್ನು ಕೊಡಲು ಮನಸ್ಸಿಲ್ಲದವನು ದೋಣಿ ಕೊಳ್ಳದಿರುವುದೇ ಲೇಸು. ಆದರೆ ಹಣಕ್ಕಿಂತ ಹೆಚ್ಚು ಬೇಕಾದ್ದು ಅಭ್ಯಾಸ.

ಉಪ್ಪು ನೀರು ಲೋಹದ ಶತ್ರು. ಕಡಲಿನಿಂದ ಬಂದ ಪ್ರತಿಯೊಂದು ಸಲವೂ ಎಂಜಿನನ್ನು ಸಿಹಿನೀರಿನ ಪೀಪಾಯಿಯಲ್ಲಿ ಇಳಿಸಿ ಹತ್ತು ನಿಮಿಷ ನಿಧಾನವಾಗಿ ಓಡಿಸಬೇಕು. ಒಳಗಿನ ನೀರಿನ ದಾರಿಯಲ್ಲಿ ಉಪ್ಪು ಗಟ್ಟಿಯಾಗದಂತೆ ತಡೆಯುವುದು ಇದೊಂದೇ ಉಪಾಯ. ಕಡಲಬದಿಯ ಬಾವಿಗಳ ನೀರು ಬೇಸಗೆಯಲ್ಲಿ ಸವಳಾಗುವುದುಂಟು. ಅಂತಹ ನೀರಿನಲ್ಲಿ ತೊಳೆದರೆ ಮನಸ್ಸಿಗೆ ಸಮಾಧಾನ, ಎಂಜಿನಿಗೆ ಏನೂ ಇಲ್ಲ. ಎಂಜಿನು ಓಡುವಾಗಲೆಲ್ಲ ಹಿಂದಿನಿಂದ ನೀರಿನ ಎಳೆ ಚಿಮ್ಮುತ್ತಿದೆಯೇ ಎಂದು ನೋಡುತ್ತಿರಬೇಕು. ಅದು ನಿಂತಿತೆಂದರೆ ಎಂಜಿನಿನ ರಕ್ತ ಸಂಚಾರ ನಿಂತಿತೆಂದೇ ಅರ್ಥ, ಆ ಕ್ಷಣವೇ ಬಂದ್ ಮಾಡಬೇಕು. ಹನ್ನೆರಡು ವರ್ಷದ ಹುಡುಗನಿಗೆ ಕಂಡದ್ದು ಅರುವತ್ತು ದಾಟಿದ ನಮಗೆ ಕಾಣಲಿಲ್ಲ. ಇಂಪೆಲ್ಲರನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ರೆಕ್ಕೆ ಗಡುಸಾಗಿದ್ದರೆ ಬದಲಿಸಬೇಕು.

ಎಂಜಿನಿನ ಮೈಗೆ ಒಂದು ಸತುವಿನ ತುಂಡನ್ನು ಕೂಡಿಸಿರುತ್ತಾರೆ. ಉಪ್ಪು ನೀರು ಮೊದಲು ಅದನ್ನು ತಿನ್ನುತ್ತದೆ, ಅದು ಇರುವಷ್ಟು ಕಾಲ ಉಳಿದ ಲೋಹ ಸುರಕ್ಷಿತ. ಅರ್ಧ ಸವೆದಾಗ ಹೊಸತು ಹಾಕಬೇಕು. ಅದಕ್ಕೆ ಬಣ್ಣ ಬಳಿಯಬಾರದು, ಬಳಿದರೆ ಅದು ಕೆಲಸ ಮಾಡುವುದಿಲ್ಲ. ಚಂದ ಕಾಣಲಿ ಎಂದು ಬಳಿದವರನ್ನು ನಾನು ಕಂಡಿದ್ದೇನೆ. ಗೇರ್ ಎಣ್ಣೆಯನ್ನು ವರ್ಷಕ್ಕೊಮ್ಮೆ ಇಳಿಸಿದಾಗ ಅದು ಹಾಲಿನಂತೆ ಬೆಳ್ಳಗೆ ಬಂದರೆ ಒಳಗೆ ನೀರು ಹೋಗಿದೆ, ಸೀಲು ಕೆಟ್ಟಿದೆ ಎಂದು ತಿಳಿಯಬೇಕು.

ಪೆಟ್ರೋಲಿನ ವಿಷಯ ಈಗ ಮೊದಲಿನಂತಿಲ್ಲ. ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ಈಗ ಎಥೆನಾಲ್ ಬೆರೆಸಿರುತ್ತಾರೆ, ಅದೂ ನೂರಕ್ಕೆ 20 ಪಾಲಿನಷ್ಟು. ಎಥೆನಾಲಿಗೆ ಗಾಳಿಯ ತೇವವನ್ನು ಹೀರುವ ಗುಣ ಇದೆ. ದಿನಾ ಓಡುವ ಸ್ಕೂಟರಿನಲ್ಲಿ ಅದು ತಿಳಿಯುವುದಿಲ್ಲ. ನಮ್ಮ ಮಳೆಗಾಲದಲ್ಲಿ ನಾಲ್ಕು ತಿಂಗಳು ಸುಮ್ಮನೆ ನಿಂತ ಟ್ಯಾಂಕಿನಲ್ಲಿ ನೀರೂ ಎಥೆನಾಲೂ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಆದುದರಿಂದ ಮೇ ತಿಂಗಳ ಕೊನೆಯಲ್ಲಿ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬರಿದು ಮಾಡಿ ಇಡುವುದು ಅಗತ್ಯ. ಎಣ್ಣೆ ಬೆರೆಸಬೇಕಾದ ಎರಡು ಸ್ಟ್ರೋಕಿನ ಎಂಜಿನಾದರೆ ತಯಾರಕರು ಹೇಳಿದ ಪ್ರಮಾಣವನ್ನೇ ಅಳೆದು ಹಾಕಬೇಕು, ಕಣ್ಣಂದಾಜು ಸಲ್ಲದು.

ಇನ್ನು ದೋಣಿಯ ಮೈ. ಫೈಬರಿಗೆ ತುಕ್ಕಿಲ್ಲ, ಗೆದ್ದಲಿಲ್ಲ, ಹಾಗಾಗಿ ಅದಕ್ಕೆ ಆರೈಕೆಯೇ ಬೇಡ ಎಂಬುದು ಒಂದು ಭ್ರಮೆ. ಮೇಲಿನ ನಯವಾದ ಪದರದಲ್ಲಿ ಬಿರುಕು ಬಿದ್ದರೆ ನೀರು ಒಳಗೆ ಇಳಿಯುತ್ತದೆ, ಕ್ರಮೇಣ ಗುಳ್ಳೆ ಏಳುತ್ತದೆ. ಎಂಜಿನು ಕಟ್ಟುವ ಹಿಂಬದಿಯ ಗೋಡೆಯೊಳಗೆ ಅನೇಕ ದೋಣಿಗಳಲ್ಲಿ ಮರದ ಹಲಗೆ ಇರುತ್ತದೆ. ಬೋಲ್ಟಿನ ತೂತಿನಿಂದ ನೀರು ಇಳಿದು ಅದು ಒಳಗೊಳಗೇ ಕೊಳೆಯುತ್ತದೆ. ಹಳೆಯ ದೋಣಿ ಕೊಳ್ಳುವವರು ಬಣ್ಣ ನೋಡಿ ಮರುಳಾಗದೆ, ಆ ಗೋಡೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಲಿ. ಗಟ್ಟಿ ಇದ್ದರೆ ಟಣ್ ಎನ್ನುತ್ತದೆ, ಕೊಳೆತಿದ್ದರೆ ಬೊದ್ದು ಶಬ್ದ ಬರುತ್ತದೆ. ಸದಾ ನೀರಿನಲ್ಲೇ ಕಟ್ಟಿದ ದೋಣಿಯ ತಳಕ್ಕೆ ಬಿಳಿ ಚಿಪ್ಪು ಅಂಟಿಕೊಂಡು ಬೆಳೆಯುತ್ತದೆ. ಅದನ್ನು ಕೆರೆದು ತೆಗೆಯದಿದ್ದರೆ ಎಣ್ಣೆ ಹೆಚ್ಚು ಸುಡುತ್ತದೆ, ವೇಗ ಬರುವುದಿಲ್ಲ.

ನಮ್ಮ ಮೀನುಗಾರರ ಹಿರಿಯರು ಮರದ ದೋಣಿಗಳನ್ನು ಹೇಗೆ ಉಳಿಸಿಕೊಂಡು ಬಂದರೆಂಬುದನ್ನು ನೆನೆಯಬೇಕು. ಮರ ಕೊರೆಯುವ ಹುಳು ಹಿಡಿಯದಂತೆ ಮೀನೆಣ್ಣೆ ಹಚ್ಚುತ್ತಿದ್ದರು, ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯನ್ನು ಬಳಿಯುತ್ತಿದ್ದರು. ಮಳೆಗೆ ಮೊದಲು ದಡಕ್ಕೆ ಎಳೆದು, ಹೆಣೆದ ಮಡಲಿನ ಮಾಡು ಕಟ್ಟಿ ಅದರಡಿ ಇಡುತ್ತಿದ್ದರು. ಅವರಿಗೆ ದೋಣಿ ಅನ್ನ ಕೊಡುವ ವಸ್ತು, ಆದುದರಿಂದ ಹಾಗೆ ನೋಡಿಕೊಂಡರು. ನಮಗೆ ಅದು ಹವ್ಯಾಸ ಎಂಬ ಕಾರಣಕ್ಕೆ ಅಸಡ್ಡೆ ಮಾಡಬಹುದೇ? ಕಡಲಿಗೆ ಹವ್ಯಾಸದ ದೋಣಿ ಯಾವುದು, ಹೊಟ್ಟೆಪಾಡಿನ ದೋಣಿ ಯಾವುದು ಎಂಬ ಭೇದ ಗೊತ್ತಿಲ್ಲ.

ಅಳಿವೆಯ ಬಾಗಿಲು

ನಮ್ಮ ಜಿಲ್ಲೆಯಲ್ಲಿ ಹೊಳೆಗಳಿಗೆ ಕೊರತೆಯಿಲ್ಲ. ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲು, ಚಂದ್ರಗಿರಿ, ಇನ್ನು ತೆಂಕಕ್ಕೆ ಹೋದರೆ ಕಾರ್ಯಂಗೋಡು. ಹೊಳೆಯೊಳಗೆ ದೋಣಿ ನಡೆಸಲು ಕಲಿತವನು ಕಡಲಿಗೂ ಹೋಗಬಲ್ಲೆ ಎಂದು ನಂಬುತ್ತಾನೆ. ನಡುವೆ ಇರುವ ಅಳಿವೆಯನ್ನು ಅವನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಳಿವೆಯ ಮರಳು ಪ್ರತಿ ಮಳೆಗಾಲದಲ್ಲಿ ಜಾಗ ಬದಲಿಸುತ್ತದೆ. ಹೋದ ವರ್ಷ ಆಳವಿದ್ದ ಕಡೆ ಈ ವರ್ಷ ದಿಣ್ಣೆ ಇರಬಹುದು. ಇಳಿತದ ಹೊತ್ತಿನಲ್ಲಿ ಹೊರಗೆ ನುಗ್ಗುವ ಹೊಳೆಯ ನೀರಿಗೆ ಕಡಲಿನ ತೆರೆ ಎದುರಾದಾಗ ತೆರೆ ಕಡಿದಾಗಿ ಏಳುತ್ತದೆ, ಮುರಿಯುತ್ತದೆ. ನೀರು ಏರುವ ಹೊತ್ತಿನಲ್ಲಿ, ಹಗಲಿನಲ್ಲಿ, ದಾರಿ ಬಲ್ಲವರ ಹಿಂದೆ ದಾಟುವುದೇ ಕ್ಷೇಮ.

ಉಬ್ಬರ ಇಳಿತಗಳು ಸುಮಾರು ಆರು ಗಂಟೆಗೊಮ್ಮೆ ಬದಲಾಗುತ್ತವೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತವೆ. ಕಳೆದ ಭಾನುವಾರ ಬೆಳಗ್ಗೆ ಏಳು ಗಂಟೆಗೆ ಸುಲಭವಾಗಿ ದಾಟಿದೆ, ಈ ಭಾನುವಾರವೂ ಹಾಗೆಯೇ ಎಂದು ಹೊರಟವನಿಗೆ ನೀರು ತದ್ವಿರುದ್ಧವಾಗಿರುತ್ತದೆ. ಚಳಿಗಾಲ ಬೇಸಗೆಗಳಲ್ಲಿ ಬೆಳಗಿನ ಹೊತ್ತು ನೆಲದಿಂದ ಕಡಲಿಗೆ ಗಾಳಿ, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ ಬಲವಾದ ಗಾಳಿ. ಬೇಗ ಹೋಗಿ ಮಧ್ಯಾಹ್ನಕ್ಕೆ ಮೊದಲು ಹಿಂತಿರುಗಬೇಕೆಂದು ಹಿರಿಯರು ಹೇಳುತ್ತಿದ್ದುದು ಇದಕ್ಕಾಗಿಯೇ.

ಗಾಳಿಯೇ ಇಲ್ಲದ ದಿನವೂ ಮೋಸ ಹೋಗಬಹುದು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ತೆರೆಗಳು ಸಾವಿರಾರು ಮೈಲು ದಾಟಿ, ಮಳೆಗಾಲಕ್ಕೆ ಮೊದಲಿನ ತಿಂಗಳುಗಳಲ್ಲಿ ನಮ್ಮ ದಡಕ್ಕೆ ಬಂದು ಅಪ್ಪಳಿಸುತ್ತವೆ. ಮಲಯಾಳದಲ್ಲಿ ಇದಕ್ಕೆ 'ಕಳ್ಳಕ್ಕಡಲ್' ಎನ್ನುತ್ತಾರೆ. ಕಳ್ಳನ ಹಾಗೆ ಬರುವ ಕಡಲು ಎಂದು ಕನ್ನಡಿಗನಿಗೂ ಅರ್ಥವಾಗುವ ಮಾತು. 2012ರಲ್ಲಿ ಯುನೆಸ್ಕೋ ಈ ಹೆಸರನ್ನೇ ಶಾಸ್ತ್ರೀಯ ಬಳಕೆಗೆ ಒಪ್ಪಿಕೊಂಡಿದೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರದವರು ಇದರ ಮುನ್ನೆಚ್ಚರಿಕೆ ಕೊಡುತ್ತಾರೆ. ಅದನ್ನು ನೋಡದೆ ಹೊರಡುವುದು ಮೂರ್ಖತನ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ಕಡಲಿನಲ್ಲೇ ಕೂದಲು ಹಣ್ಣಾದ ಮೀನುಗಾರರೇ ಸಿಕ್ಕಿಬಿದ್ದು ಪ್ರಾಣ ಕಳೆದುಕೊಂಡರೆಂಬುದನ್ನು ನೆನಪಿಡಬೇಕು.

ಇಲ್ಲಿ ನಮ್ಮ ಕನ್ನಡ ಮನೆಗಳವರಿಗೆ ಒಂದು ಮಾತು. ಕಡಲಿನ ಎಚ್ಚರಿಕೆಗಳನ್ನು ಇಲ್ಲಿ ನಾವು ಹೆಚ್ಚಾಗಿ ಮಲಯಾಳದಲ್ಲೇ ಕೇಳುತ್ತೇವೆ, ಓದುತ್ತೇವೆ. ಪೇಟೆಯ ಮಲಯಾಳ ನಮಗೆ ಬರುತ್ತದೆ. ಆದರೆ 'ಉಯರ್ನ್ನ ತಿರಮಾಲ' ಎಂದರೆ ಎತ್ತರದ ತೆರೆ, 'ಜಾಗ್ರತಾ ನಿರ್ದೇಶಂ' ಎಂದರೆ ಎಚ್ಚರಿಕೆಯ ಸೂಚನೆ ಎಂದು ಕನ್ನಡ ಶಾಲೆಯಲ್ಲಿ ಓದಿದ ಹುಡುಗನಿಗೆ ಅವಸರದಲ್ಲಿ ಹೊಳೆಯಲಿಕ್ಕಿಲ್ಲ. ಈ ಹತ್ತಿಪ್ಪತ್ತು ಮಾತುಗಳನ್ನು ಕಲಿಯುವುದು ನಮ್ಮ ಕೆಲಸ. ಭಾಷಾ ಅಲ್ಪಸಂಖ್ಯಾತರಿರುವ ಮೀನುಗಾರಿಕಾ ತಾಣಗಳಲ್ಲಿ ಎಚ್ಚರಿಕೆಯ ಫಲಕಗಳನ್ನು ಕನ್ನಡದಲ್ಲೂ ಬರೆಸುವುದು ಅಧಿಕಾರಿಗಳ ಕೆಲಸ. ಇದು ಹಕ್ಕಿನ ಜಗಳವಲ್ಲ, ಜೀವದ ವಿಷಯ.

ಕಾಗದಪತ್ರ ಮತ್ತು ಕಾನೂನು

ನಮಗೆ ಅಪಾಯವಾದ ಮೂರು ತಿಂಗಳಿಗೆ, 2023ರ ಮೇ 7ರಂದು, ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ದೋಣಿ ಮಗುಚಿ 22 ಮಂದಿ ಸತ್ತರು, ಅವರಲ್ಲಿ ಅನೇಕರು ಮಕ್ಕಳು. ಅದು ಮೀನು ಹಿಡಿಯುವ ದೋಣಿಯನ್ನು ಮಾರ್ಪಡಿಸಿ ವಿಹಾರಕ್ಕೆ ಬಳಸಿದ್ದು. ಹಿಡಿಸುವುದಕ್ಕಿಂತ ಹೆಚ್ಚು ಜನರನ್ನು ಹತ್ತಿಸಲಾಗಿತ್ತು. ಅದಕ್ಕೂ ಮೊದಲು, 2009ರ ಸೆಪ್ಟೆಂಬರ್ 30ರಂದು, ತೇಕ್ಕಡಿಯ ಸರೋವರದಲ್ಲಿ 45 ಮಂದಿ ಸತ್ತಿದ್ದರು. ಪ್ರತಿ ಸಲವೂ ಒಂದು ವಾರ ಪತ್ರಿಕೆಗಳಲ್ಲಿ ಗದ್ದಲ, ಒಂದು ತಿಂಗಳು ತಪಾಸಣೆ, ಬಳಿಕ ಹಳೆಯ ಚಾಳಿ.

ಸ್ವಂತ ದೋಣಿಗೆ ಯಾವ ಕಾಗದ ಎಂದು ಕೇಳುವವರಿದ್ದಾರೆ. ಮನೆಯ ಸ್ಕೂಟರಿಗೆ ನಂಬರು ಬೇಕೆಂದು ಒಪ್ಪುವವರು ದೋಣಿಗೆ ಯಾಕೆ ಬೇಡವೆನ್ನಬೇಕು? ಹೊಳೆಯಲ್ಲಿ ಮಾತ್ರ ಓಡಿಸುವುದೋ, ಕಡಲಿಗೂ ಇಳಿಸುವುದೋ, ಮೀನು ಹಿಡಿಯುವುದೋ, ಬರೀ ವಿಹಾರವೋ ಎಂಬುದನ್ನು ಹೊಂದಿಕೊಂಡು ನಿಯಮಗಳು ಬೇರೆಯಾಗುತ್ತವೆ. ಆದುದರಿಂದ ಮುಂಗಡ ಕೊಡುವ ಮೊದಲೇ ಮೀನುಗಾರಿಕಾ ಇಲಾಖೆಯಲ್ಲೂ ಬಂದರು ಕಚೇರಿಯಲ್ಲೂ ವಿಚಾರಿಸಿ, ನೋಂದಣಿಯನ್ನೂ ವಿಮೆಯನ್ನೂ ಮಾಡಿಸಿಕೊಳ್ಳಬೇಕು. ಮಾರುವವನ ಬಾಯಿಮಾತು ಸಾಲದು. ದೋಣಿಯ ಮೇಲೆ ನಂಬರು ಇದ್ದರೆ ಕಾಣೆಯಾದ ದಿನ ಹುಡುಕುವವರಿಗೂ ಉಪಕಾರ.

ಮಳೆಗಾಲದ ಮಾತು ಬೇರೆಯೇ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ವರೆಗೆ 52 ದಿನ ಟ್ರಾಲ್ ಬೋಟುಗಳಿಗೆ ನಿಷೇಧ. ತಲಪಾಡಿಯ ಆಚೆ ಕರ್ನಾಟಕದಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದಲೇ, 61 ದಿನ. ನಮ್ಮದು ಟ್ರಾಲ್ ಅಲ್ಲ, ನಮಗೇನು ಎಂದು ತರ್ಕ ಮಾಡುವವರುಂಟು. ನಿಷೇಧ ಮೀನಿನ ಸಂತಾನಕ್ಕಾಗಿ ಇರಬಹುದು, ಆದರೆ ಆ ತಿಂಗಳುಗಳ ಅಳಿವೆ ಯಾರ ತರ್ಕವನ್ನೂ ಕೇಳುವುದಿಲ್ಲ. ಹವ್ಯಾಸದವನು ಜೂನ್‌ನಿಂದ ಸೆಪ್ಟೆಂಬರಿನ ವರೆಗೆ ಕಡಲಿಗೆ ಇಳಿಯದಿದ್ದರೆ ಅವನ ಮನೆಯಲ್ಲಿ ಒಲೆ ಉರಿಯದೆ ಇರುವುದಿಲ್ಲ.

ಮೀನುಗಾರರ ಋಣ

ಈ ವಿಷಯದಲ್ಲಿ ನನ್ನ ಮುಖ್ಯವಾದ ಮಾತು ಇದು. ನಾವು ಗಮ್ಮತ್ತಿಗೆ ಹೋಗಿ ಸಿಕ್ಕಿಬಿದ್ದಾಗ ನಮ್ಮನ್ನು ಹುಡುಕಲು ಬರುವವರು ಯಾರು? ಕೋಸ್ಟ್ ಗಾರ್ಡಿನವರಿದ್ದಾರೆ, ಕರಾವಳಿ ಪೊಲೀಸರಿದ್ದಾರೆ. ಅವರು ಬರುವ ಮೊದಲು ಹತ್ತಿರದಲ್ಲಿರುವವರು ಮೀನುಗಾರರು. 2018ರ ಆಗಸ್ಟಿನ ಮಹಾಪ್ರಳಯದಲ್ಲಿ ತಮ್ಮ ದೋಣಿಗಳನ್ನು ಲಾರಿಗಳಲ್ಲಿ ಹೇರಿಕೊಂಡು ಹೋಗಿ ಸಾವಿರಾರು ಜನರನ್ನು ಮನೆಯ ಮಾಡುಗಳಿಂದ ಇಳಿಸಿ ತಂದವರೂ ಅವರೇ. ನಮ್ಮ ಅಸಡ್ಡೆ ನಮ್ಮ ಪ್ರಾಣವನ್ನಷ್ಟೇ ಅಪಾಯಕ್ಕೆ ಒಡ್ಡುವುದಾದರೆ ಅದು ನಮ್ಮ ಹಣೆಬರಹ ಎನ್ನಬಹುದಿತ್ತು. ಆದರೆ ನಮ್ಮನ್ನು ಎತ್ತಲು ಬರುವವನ ಮನೆಯಲ್ಲೂ ಹೆಂಡತಿ ಮಕ್ಕಳಿದ್ದಾರೆ. ಹದಗೆಟ್ಟ ಎಂಜಿನು ಕಟ್ಟಿ ಕಡಲಿಗೆ ಇಳಿಯುವವನು ಇನ್ನೊಬ್ಬನ ಜೀವವನ್ನು ಕೇಳದೆಯೇ ಸಾಲ ಪಡೆಯುತ್ತಾನೆ.

ಈ ಋಣವನ್ನು ಹಣದಿಂದ ತೀರಿಸಲಾಗುವುದಿಲ್ಲ, ನಡತೆಯಿಂದ ಸ್ವಲ್ಪ ಮಟ್ಟಿಗೆ ತೀರಿಸಬಹುದು. ಅವರ ಬಲೆಯ ಮೇಲೆ ದೋಣಿ ಓಡಿಸಬಾರದು. ಬಲೆಯ ಬೆಂಡುಗಳು ಕಂಡರೆ ದೂರದಿಂದ ಸುತ್ತಿ ಹೋಗಬೇಕು. ಮರಿಮೀನು ಸಿಕ್ಕರೆ ಹಿಂದಕ್ಕೆ ಬಿಡಬೇಕು. ಕೇರಳದ ಕಾನೂನಿನಲ್ಲಿ ಬೂತಾಯಿ 10 ಸೆಂಟಿಮೀಟರಿಗಿಂತ, ಬಂಗುಡೆ 14 ಸೆಂಟಿಮೀಟರಿಗಿಂತ ಸಣ್ಣದಿದ್ದರೆ ಹಿಡಿಯುವಂತಿಲ್ಲ. ದುಡಿದು ತಿನ್ನುವವನಿಗೇ ಈ ಕಟ್ಟು ಇರುವಾಗ ಗಮ್ಮತ್ತಿಗೆ ಹಿಡಿಯುವವನಿಗೆ ಇನ್ನೂ ಬಿಗಿ ಇರಬೇಡವೇ? ಒಳ್ಳೆಯ ಅಂಜಲ್ ಸಿಕ್ಕಿತೆಂದು ಪೇಟೆಯ ಹೋಟೆಲಿಗೆ ಮಾರುವವರ ಸುದ್ದಿಯೂ ಕಿವಿಗೆ ಬೀಳುತ್ತದೆ. ಪಿಂಚಣಿ ತಿನ್ನುವವನು ಮೀನುಗಾರನ ಗಿರಾಕಿಯನ್ನು ಕಸಿಯುವುದು ನ್ಯಾಯವಲ್ಲ. ತಿನ್ನುವಷ್ಟು ತನ್ನಿ, ಹೆಚ್ಚಾದರೆ ನೆರೆಮನೆಗೆ ಕೊಡಿ.

ಏನು ಮಾಡಬಹುದು?

ಮೊದಲನೆಯದಾಗಿ, ಒಂದು ಮನೆಗೆ ಒಂದು ದೋಣಿ ಎಂಬ ಹಠ ಬೇಡ. ನಾಲ್ಕು ಮನೆಯವರು ಸೇರಿ ಒಂದು ದೋಣಿ ಇಟ್ಟುಕೊಳ್ಳಲಿ. ಖರ್ಚು ಹಂಚಿಹೋಗುತ್ತದೆ, ಎಂಜಿನು ವಾರಕ್ಕೊಮ್ಮೆಯಾದರೂ ಓಡುತ್ತದೆ. ಯಾರದ್ದೂ ಅಲ್ಲದ ದೋಣಿಯಾಗದಂತೆ ಪ್ರತಿ ವರ್ಷ ಒಬ್ಬರು ಅದರ ಹೊಣೆ ಹೊರಲಿ.

ಎರಡನೆಯದಾಗಿ, ದೋಣಿಗೆ ಒಂದು ಪುಸ್ತಕ ಇರಲಿ. ಯಾವ ದಿನ ಹೋದದ್ದು, ಎಷ್ಟು ಗಂಟೆ ಓಡಿದ್ದು, ಯಾವಾಗ ತೊಳೆದದ್ದು, ಏನು ಬದಲಿಸಿದ್ದು ಎಲ್ಲವೂ ಅದರಲ್ಲಿ ಬರೆದಿರಲಿ. ಹೊರಡುವಾಗ ಎಲ್ಲಿಗೆ, ಯಾರು ಯಾರು, ಎಷ್ಟು ಹೊತ್ತಿಗೆ ಹಿಂತಿರುಗುವುದು ಎಂಬುದನ್ನು ಬರೆದು ಮನೆಯಲ್ಲಿ ಬಿಟ್ಟು ಹೋಗಬೇಕು. ಹೇಳಿದ ಹೊತ್ತಿಗೆ ಬರದಿದ್ದರೆ ಮನೆಯವರು ಕರೆಯಬೇಕಾದ ನಂಬರುಗಳನ್ನು ಗೋಡೆಯ ಮೇಲೆ ಬರೆದಿಡಬೇಕು. ಕೋಸ್ಟ್ ಗಾರ್ಡಿನ 1554, ಕರಾವಳಿ ಭದ್ರತೆಯ 1093.

ಮೂರನೆಯದಾಗಿ, ದೋಣಿಯಲ್ಲಿ ಇರುವ ತಲೆಗಳಷ್ಟೇ ಲೈಫ್ ಜಾಕೆಟು, ಮಕ್ಕಳಿಗೆ ಮಕ್ಕಳ ಅಳತೆಯದ್ದು. ಅದು ಹಲಗೆಯಡಿ ಅಲ್ಲ, ಮೈಮೇಲೆ ಇರಬೇಕು. ಎರಡು ಹುಟ್ಟು, ನೀರು ಚೆಲ್ಲಲು ಬಕೆಟು, ಸೀಟಿ, ಟಾರ್ಚು. ಲಂಗರಿಗೆ ನೀರಿನ ಆಳದ ಐದು ಪಾಲಾದರೂ ಉದ್ದದ ಹಗ್ಗ. ಅಳಿವೆ ದಾಟಿ ಕಡಲಿಗೆ ಹೋಗುವುದಾದರೆ ಊರಿನ ಒಬ್ಬ ಮೀನುಗಾರನನ್ನು ಸಂಬಳ ಕೊಟ್ಟು ಜೊತೆಗೆ ಕರೆದುಕೊಂಡು ಹೋಗುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ. ಕೆಲವರಿಗೆ ಇದು ಮರ್ಯಾದೆಗೆ ಕಡಿಮೆ ಎನಿಸಬಹುದು. ಪಾಠ ಹೇಳಿಸಿಕೊಳ್ಳುವುದರಲ್ಲಿ ಮಾನಭಂಗವೇನಿದೆ?

ನಾಲ್ಕನೆಯದಾಗಿ, ನಮ್ಮ ಯುವಕ ಸಂಘಗಳೂ ಗ್ರಂಥಾಲಯಗಳೂ ಮಳೆಗಾಲದಲ್ಲಿ ಒಂದು ದಿನದ ತರಗತಿಯನ್ನು ಏರ್ಪಡಿಸಲಿ. ಒಬ್ಬ ಮೆಕ್ಯಾನಿಕ್, ಒಬ್ಬ ಹಿರಿಯ ಮೀನುಗಾರ, ಒಬ್ಬ ಇಲಾಖೆಯ ಅಧಿಕಾರಿ ಇಷ್ಟು ಮಂದಿ ಬಂದು ಕನ್ನಡದಲ್ಲೋ ತುಳುವಿನಲ್ಲೋ ಎರಡು ಗಂಟೆ ಹೇಳಿದರೂ ಸಾಕು. ಸನ್ಮಾನ, ಹಾರ, ಶಾಲುಗಳ ಸಮಾರಂಭಕ್ಕಿಂತ ಇದು ಹೆಚ್ಚು ಪ್ರಯೋಜನಕ್ಕೆ ಬಂದೀತು.

ನಮ್ಮ ದೋಣಿಯನ್ನು ನಾವು ಮಾರಲಿಲ್ಲ. ಮಾರಬೇಕೆಂದು ಅಕ್ಕ ಹಠ ಹಿಡಿದದ್ದು ನಿಜ. ಕೊನೆಗೆ ಇನ್ನೆರಡು ಮನೆಯವರು ಸೇರಿಕೊಂಡರು. ಇಂಪೆಲ್ಲರ್ ಹೊಸತು ಬಂತು, ಜಾಕೆಟುಗಳು ಆರು ಬಂದವು. ಕಡಲಿಗೆ ಹೋಗುವ ದಿನ ನನ್ನ ಹಳೆಯ ವಿದ್ಯಾರ್ಥಿಯ ತಮ್ಮ ಜೊತೆಗೆ ಬರುತ್ತಾನೆ. ದೋಣಿಯ ಪುಸ್ತಕವನ್ನು ಬರೆಯುವವನು ಭಾವನ ಮೊಮ್ಮಗ. ನೀರಿನ ಎಳೆ ಚಿಮ್ಮುತ್ತಿದೆಯೇ ಎಂದು ನೋಡುವ ಕೆಲಸವೂ ಅವನದ್ದೇ, ಈಗ ಅವನು ಹೇಳಿದರೆ ನಾವು ಕೇಳುತ್ತೇವೆ.

ಈ ಲೇಖನವನ್ನು ಓದುವವರಲ್ಲಿ ದೋಣಿ ಇರುವವರೂ ಇರಬಹುದು, ಕೊಳ್ಳಬೇಕೆಂದಿರುವವರೂ ಇರಬಹುದು. ಕೊಳ್ಳಬೇಕೆಂದಿರುವವರು ವರ್ಷದ ಖರ್ಚನ್ನು ಮೊದಲು ಕಾಗದದ ಮೇಲೆ ಬರೆದು ನೋಡಲಿ. ಇರುವವರು ಈ ವಾರವೇ ಒಮ್ಮೆ ಹೊಳೆಬದಿಗೆ ಹೋಗಿ, ಟಾರ್ಪಾಲು ಎತ್ತಿ, ಸತುವಿನ ತುಂಡು ಎಷ್ಟು ಉಳಿದಿದೆ, ಹಗ್ಗ ಎಷ್ಟು ಉದ್ದವಿದೆ, ಜಾಕೆಟು ಎಷ್ಟಿವೆ ಎಂದು ಎಣಿಸಿ ಬರಬೇಕಾಗಿ ಪ್ರಾರ್ಥನೆ.